‘ಆಡುವುದೂ ಕೆಲಸವೇ?’ ಎಂದ ಕಾರ್ಮಿಕ ಅಧಿಕಾರಿಗೆ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ಕಂಪನಿಯವರು ಕೊಟ್ಟ ಮಾತುಗಳು ಇವು: ಕಂಪನಿ ಗಟ್ಟಿಯಾಗಿದೆ, ಯಾರನ್ನೂ ತೆಗೆಯುವುದಿಲ್ಲ. ತೆಗೆಯಬೇಕಾಗಿ ಬಂದರೆ ಒಂದು ತಿಂಗಳು ಮೊದಲೇ ಹೇಳುತ್ತೇವೆ. ಅನುಭವ ಪತ್ರ ಕೈಗಿಟ್ಟೇ ಕಳಿಸುತ್ತೇವೆ. ಸಿಕ್ಕದ್ದು ಇವು: ನೋಟಿಸು ಇಲ್ಲ, ಕಾರಣ ಇಲ್ಲ, ಅನುಭವ ಪತ್ರ ಇಲ್ಲ. ನವಿ ಮುಂಬಯಿಯ ಮಹಾಪೆಯ ಆ ಗಾಜಿನ ಕಟ್ಟಡದಲ್ಲಿ ಮೊಬೈಲ್ ಗೇಮ್ ತಯಾರಾಗುತ್ತದೆ. ಒಂದು ಸೋಮವಾರ ಬೆಳಿಗ್ಗೆ ಅಲ್ಲಿಯ ಪರೀಕ್ಷಕರ ಇಡೀ ವಿಭಾಗ ಬಾಗಿಲಿಗೆ ಕಾರ್ಡು ಹಿಡಿದರೆ ಬಾಗಿಲು ತೆರೆಯಲಿಲ್ಲ. ಆಮೇಲೆ ಫೋನಿಗೆ ಸಂದೇಶ ಬಂತು: ‘ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟಿದ್ದೇವೆ ಎಂದು ಬರೆದುಕೊಟ್ಟವರಿಗೆ ಮಾತ್ರ ಅನುಭವ ಪತ್ರ.’

ನೀವು ಕೊಟ್ಟ ಮಾತೂ ಒಂದಿದೆ. ಕಂಪನಿಯ ಜವಾಬ್ದಾರಿಯುತ ವ್ಯಕ್ತಿಯನ್ನು ಕರೆಸುತ್ತೇನೆ ಎಂದಿರಿ. ಮೂರು ವಿಚಾರಣೆ ಮುಗಿದವು. ಮೂರಕ್ಕೂ ಬಂದವನು ಬಾಡಿಗೆಯ ಸಲಹೆಗಾರ. ಅವನು ‘ನನಗೆ ಮೇಲಿನಿಂದ ಸೂಚನೆ ಬಂದಿಲ್ಲ’ ಎನ್ನುವುದು, ನೀವು ಅವನಿಗೆ ಚಹಾ ತರಿಸುವುದು, ಮುಂದಿನ ತಾರೀಕು ಕೊಡುವುದು. ನ್ಯಾಯ ಕೇಳಿ ಬಂದವರು ಹೊರಗಿನ ಬೆಂಚಿನಲ್ಲಿ ನೀರಿಗೂ ಗತಿಯಿಲ್ಲದೆ ಕೂತಿದ್ದರು.

ಈ ಪತ್ರದ ಮರಾಠಿ ಪ್ರತಿ ನಿಮ್ಮ ಮೇಜಿನ ಮೇಲಿದೆ. ಕನ್ನಡದಲ್ಲಿಯೂ ಅಚ್ಚು ಹಾಕಿಸುತ್ತಿರುವುದು ಇಲ್ಲಿಯ ನಮ್ಮ ಕನ್ನಡದವರಿಗಾಗಿ. ಏಕೆಂದರೆ ನೀವು ನಕ್ಕ ನಗುವನ್ನೇ ಥಾಣೆ, ಡೊಂಬಿವಲಿಯ ನಮ್ಮ ಹೋಟೆಲ್ ಮಾಲೀಕರೂ ನಕ್ಕಿದ್ದಾರೆ. “ದಿನವಿಡೀ ಮೊಬೈಲಲ್ಲಿ ಆಟ ಆಡಿದ್ದಕ್ಕೆ ಸಂಬಳ ಬೇರೆ ಬೇಕಾ ಮಾರಾಯ್ರೆ?”

ನೀವು ಕೇಳಿದ್ದು ಹಿಂದಿಯಲ್ಲಿ. ಟಿಟ್ವಾಳಾದ ನಿಶ್ಮಿತಾ ಎಂಬ ಹುಡುಗಿ ಎದುರು ನಿಂತಿದ್ದಳು. ಆ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದವಳು. ಅವಳ ಅರ್ಜಿಯನ್ನು ಓದದೆಯೇ ಮಡಚಿಟ್ಟು, “ಗೇಮ್ ಖೇಲ್ನಾ ಭೀ ಕಾಮ್ ಹೋತಾ ಹೈ ಕ್ಯಾ, ಬೇಟಿ?” ಎಂದು ನಕ್ಕಿರಿ. ಸಲಹೆಗಾರನೂ ನಕ್ಕ. ನಿಮ್ಮ ಗುಮಾಸ್ತರೂ ನಕ್ಕರು.

“ಖೇಲ್ತೀ ನಹೀ ಥೀ ಸರ್, ತೋಡ್ತೀ ಥೀ,” ಎಂದಳು ಅವಳು. ಆಡುತ್ತಿರಲಿಲ್ಲ, ಒಡೆಯುತ್ತಿದ್ದೆ.

ನಿಮಗೆ ಅರ್ಥವಾಗಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ನಾನು ಹೇಳುತ್ತೇನೆ. ಮೇಜಿನ ತುಂಬ ಬೇರೆ ಬೇರೆ ಕಂಪನಿಯ ಮೊಬೈಲುಗಳು. ಒಂದೇ ಆಟದ ಒಂದೇ ಕಾರನ್ನು ಒಂದೇ ಗೋಡೆಗೆ ಬೆಳಗಿನಿಂದ ಸಂಜೆಯವರೆಗೆ ಗುದ್ದಿಸಬೇಕು. ಎಲ್ಲಿ ಆಟ ಸತ್ತುಹೋಗುತ್ತದೆ, ಯಾಕೆ ಸಾಯುತ್ತದೆ ಎಂದು ಬರೆಯಬೇಕು. ತಯಾರಿಸಿದವರು ಸರಿಮಾಡಿ ಕೊಟ್ಟರೆ ಮತ್ತೆ ಮೊದಲಿನಿಂದ ಗುದ್ದಿಸಬೇಕು. ಇದು ಆಟವಾದರೆ ಹಿಟ್ಟು ರುಬ್ಬುವವನು ಇಡೀ ದಿನ ಇಡ್ಲಿ ತಿನ್ನುತ್ತಿದ್ದಾನೆ ಎಂದೇ ಲೆಕ್ಕ. ತಾಂತ್ರಿಕ ಕೆಲಸ ಮಾಡುವವರೂ ಕಾರ್ಮಿಕರೇ ಎನ್ನುವುದು ನಿಮ್ಮ ಬೆನ್ನ ಹಿಂದಿನ ಕಪಾಟಿನಲ್ಲಿರುವ ಕಾಯಿದೆಯ ಮಾತು. ಕಪಾಟಿನ ಬೀಗದ ಕೈ ಕಳೆದಿದ್ದರೆ ತಿಳಿಸಿ, ನಮ್ಮ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಚಂದಾ ಎತ್ತಿ ಮಾಡಿಸಿಕೊಡುತ್ತೇವೆ.

ಈ ಉದ್ಯಮದ ಜಾಣತನವನ್ನೂ ಸ್ವಲ್ಪ ನೋಡಿ. ಪರದೇಶದ ಬಂಡವಾಳ ಬಂದಾಗ ಬೇಕಾದ್ದಕ್ಕಿಂತ ಎರಡು ಪಟ್ಟು ಜನ. ಅದು ನಿಂತಾಗ ಅರ್ಧಕ್ಕೆ ಅರ್ಧ ಜನ ಬೀದಿಗೆ. ಆಟ ಓಡದಿದ್ದರೆ ನಷ್ಟವಾಯಿತು, ಮನೆಗೆ ಹೋಗಿ. ಓಡಿದರೆ ಕೆಲಸ ಮುಗಿಯಿತಲ್ಲ, ಮನೆಗೆ ಹೋಗಿ. ಸೋತರೂ ಗೆದ್ದರೂ ದುಡಿದವನಿಗೆ ಒಂದೇ ದಾರಿ ಇರುವ ಇಂಥ ಜೂಜನ್ನು ಪೊಲೀಸರು ಬೀದಿಯಲ್ಲಿ ಕಂಡರೆ ಹಿಡಿಯುತ್ತಾರೆ. ಗಾಜಿನ ಕಟ್ಟಡದೊಳಗೆ ಅದಕ್ಕೆ ‘ಹೊಸ ಭಾರತದ ಉದ್ಯಮ’ ಎಂದು ಹೆಸರು.

ಇನ್ನು ಜಯಲತಕ್ಕನ ಕಥೆ. ಅವರು ನಿಶ್ಮಿತಾಳ ತಾಯಿ. ಗಂಡ ಮುಂಡಪ್ಪಣ್ಣ ವರ್ತಕ ನಗರದ ಹೋಟೆಲೊಂದರ ಗಲ್ಲಾದಲ್ಲಿ ಕುಳಿತು ತಲೆ ಹಣ್ಣುಮಾಡಿಕೊಂಡವರು. ಆ ಮನೆಯವರಿಗೆ ಗೊತ್ತಿರುವ ಜಗತ್ತಿನಲ್ಲಿ ಎಂಥ ತಕರಾರೂ ಗಲ್ಲಾದ ಮುಂದೆ ಹೋಗಿ ನಿಂತರೆ ಒಂದು ದಾರಿಗೆ ಬರುತ್ತದೆ. ಮುಂಡಪ್ಪಣ್ಣ ಹೆಂಡತಿಗೆ, “ನೀನೇ ಹೋಗಿ ಧಣಿಯ ಹತ್ರ ಒಮ್ಮೆ ಕೂತು ಮಾತಾಡು ಮಾರಾಯ್ತಿ. ಹೆಣ್ಣುಮಕ್ಕಳು ಹೋದ್ರೆ ಮರ್ಯಾದೆ ಕೊಡ್ತಾರೆ” ಎಂದರು. ಜಯಲತಕ್ಕ ಹೋದರು, ಮಗಳಿಗೆ ಹೇಳದೆ. ಟಿಟ್ವಾಳಾದಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ಘನ್ಸೋಲಿ, ಅಲ್ಲಿಂದ ಶೇರ್ ರಿಕ್ಷಾ. ಮಡಿಲಲ್ಲಿ ಒಂದು ಡಬ್ಬಿ ಕಾಯಿ ಬರ್ಫಿ. ಧಣಿಯನ್ನು ಬರಿಗೈಯಲ್ಲಿ ಕಾಣುತ್ತಾರೆಯೇ?

“ಇಧರ್ ಮಾಲಿಕ್ ಕೌನ್ ಹೈ?” ಇಲ್ಲಿ ಧಣಿ ಯಾರು ಎಂದು ಕೇಳಿದರಂತೆ. ಸ್ವಾಗತದ ಹುಡುಗಿ ಕಂಪ್ಯೂಟರ್ ನೋಡಿದಳು. ಕಾವಲುಗಾರ, “ಆಂಟಿ, ಮೈನೆ ಭೀ ಆಜ್ ತಕ್ ನಹೀ ದೇಖಾ,” ಎಂದ. ಅವನೂ ಕಂಡವನಲ್ಲ. ಬಹಳ ಹೊತ್ತಿನ ಮೇಲೆ ಸಿಬ್ಬಂದಿ ವಿಭಾಗದ ಒಬ್ಬಾಕೆ ಬಂದು ಭುಜ ಸವರಿ, “ಆಂಟಿಜೀ, ಹಮ್ ಸಬ್ ಏಕ್ ಫ್ಯಾಮಿಲಿ ಹೈ,” ಎಂದಳು. ನಾವೆಲ್ಲ ಒಂದೇ ಮನೆಯವರಂತೆ.

ಜಯಲತಕ್ಕ ಕೇಳಿದರು, “ತೋ ಇಸ್ ಫ್ಯಾಮಿಲಿ ಕಾ ಬಾಪ್ ಕೌನ್ ಹೈ?”

ಹಾಗಾದರೆ ಈ ಮನೆಗೆ ಅಪ್ಪ ಯಾರು? ಬರ್ಫಿಯ ಡಬ್ಬಿ ಒಳಗೆ ಹೋಯಿತು, ತಾಯಿ ಹೊರಗೆ ಉಳಿದರು. ಮರುದಿನ ನನ್ನಲ್ಲಿಗೆ ಬಂದು, “ಅಷ್ಟು ದೊಡ್ಡ ಆಫೀಸು ಕಮಲಾಕ್ಷಣ್ಣ, ಗಲ್ಲಾದಲ್ಲಿ ಜನವೇ ಇಲ್ಲ ಮಾರ್ರೆ” ಎಂದರು. ಅಳಲಿಲ್ಲ. ಅವರಿಗೆ ಅದು ನಂಬಲಾಗದ ಸಂಗತಿಯಾಗಿತ್ತು, ಅಷ್ಟೆ.

ಹೋಟೆಲುಗಳಲ್ಲಿ ಧರ್ಮ ನಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ನಾನು ಅಲ್ಲೇ ತಟ್ಟೆ ತೊಳೆದು, ಅಲ್ಲೇ ಬೆಂಚಿನ ಮೇಲೆ ಮಲಗಿ, ಆಮೇಲೆ ಅದೇ ಮಾಲೀಕರ ವಿರುದ್ಧ ಕೆಂಪು ಬಾವುಟ ಹಿಡಿದವನು. ಅಲ್ಲಿ ಮೋಸವಿತ್ತು, ಆದರೆ ಮೋಸ ಮಾಡುವವನಿಗೆ ಒಂದು ಮುಖವಿತ್ತು. ಬೈಯಬಹುದಿತ್ತು, ಬಾಗಿಲಲ್ಲಿ ಕುಳಿತು ಘೇರಾವ್ ಹಾಕಬಹುದಿತ್ತು. ಆ ದಿನಗಳಲ್ಲಿ ನಿಮ್ಮಂಥದೇ ಕುರ್ಚಿಯಲ್ಲಿ ಕುಳಿತವರೊಬ್ಬರು, ‘ಹೋಟೆಲಿನಲ್ಲೇ ಉಂಡು ಮಲಗುವವರು ಕೆಲಸಗಾರರಲ್ಲ, ಮಾಲೀಕರ ಮನೆಯವರು’ ಎಂದು ನಮ್ಮನ್ನು ವಾಪಸು ಅಟ್ಟಿದ್ದರು. ನಲವತ್ತು ವರ್ಷ ಕಳೆದು ೨೦೧೩ ಬಂದರೂ ನಿಮ್ಮ ಇಲಾಖೆ ಹೊಸದೊಂದು ನೆಪವನ್ನು ಹುಡುಕಲಾಗದೆ ಅದೇ ಹಳಸಿದ್ದನ್ನು ಬಿಸಿಮಾಡಿ ಬಡಿಸುತ್ತಿದೆಯಲ್ಲ, ನಾಚಿಕೆಯಾಗುವುದಿಲ್ಲವೇ? ಆಗ ಉಂಡಿದ್ದೀರಿ, ಅದಕ್ಕೆ ಕಾರ್ಮಿಕರಲ್ಲ. ಈಗ ಆಡಿದ್ದೀರಿ, ಅದಕ್ಕೆ ಕಾರ್ಮಿಕರಲ್ಲ.

ಕಳೆದ ಸಲ ನೀವು ಸಲಹೆಗಾರನ ಎದುರಿಗೇ ಹೇಳಿದಿರಿ: ಮುಂದಿನ ತಾರೀಕಿಗೆ ಕಡತ ಮುಚ್ಚುತ್ತೇನೆ, ಇವರು ಕಾರ್ಮಿಕರ ವ್ಯಾಖ್ಯೆಗೆ ಬರುವುದಿಲ್ಲ. ಮುಂಚೆಯೇ ರಾಜೀನಾಮೆ ಬರೆದುಕೊಟ್ಟರೆ ಪತ್ರವಾದರೂ ಸಿಗುತ್ತದೆ ಎಂದು ಬುದ್ಧಿವಾದವನ್ನೂ ಹೇಳಿದಿರಿ. ಅದನ್ನು ಕೇಳಿ ಅರ್ಧ ಜನ ಬರೆದುಕೊಟ್ಟರು. ಮನೆಸಾಲದ ಕಂತು ಇರುವವರನ್ನು ನಾನು ಹೇಡಿಗಳು ಎನ್ನುವುದಿಲ್ಲ.

ನಿಶ್ಮಿತಾ ಬರೆದುಕೊಟ್ಟಿಲ್ಲ. ಐರೋಲಿಯ ಇನ್ನೊಂದು ಕಂಪನಿ ಅವಳನ್ನು ಆರಿಸಿದೆ, ಆದರೆ ಅನುಭವ ಪತ್ರ ತಂದರೆ ಮಾತ್ರ. ಆ ಕೆಲಸ ಈ ತಿಂಗಳ ಕೊನೆಯವರೆಗೆ ಕಾಯುತ್ತದೆ. ಒಂದು ಸುಳ್ಳಿಗೆ ಸಹಿ ಹಾಕಿದರೆ ನಾಳೆಯೇ ಕೆಲಸ. “ನಾನು ಬಿಟ್ಟದ್ದಲ್ಲ ಅಂಕಲ್, ಅವರು ತೆಗೆದದ್ದು. ಬಿಟ್ಟೆ ಅಂತ ಹೇಗೆ ಬರೀಲಿ?” ಎನ್ನುತ್ತಾಳೆ. ನೀವು ಕಡತ ಮುಚ್ಚಿದರೆ ಅವಳಿಗೆ ಆ ಸುಳ್ಳಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ಅಂದರೆ ಆ ಸುಳ್ಳನ್ನು ಬರೆಸುವವರು ಕಂಪನಿಯವರಲ್ಲ, ಸರಕಾರದ ಸಂಬಳ ತಿನ್ನುವ ನೀವು.

ಆದ್ದರಿಂದ ನಮ್ಮ ಬೇಡಿಕೆ. ವಿನಂತಿ ಎಂದು ಓದಿಕೊಳ್ಳಬೇಡಿ. ಆ ಕಂಪನಿಯ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರವಿರುವ ಒಬ್ಬ ಮನುಷ್ಯನನ್ನು ಸಮನ್ಸ್ ಕಳಿಸಿ ಕರೆಸಿ. ಯಾವ ಷರತ್ತೂ ಇಲ್ಲದೆ ಅನುಭವ ಪತ್ರಗಳನ್ನು ಅವನಿಂದ ನಿಮ್ಮ ಎದುರೇ ಕೊಡಿಸಿ. ಇಲ್ಲ, ಕಡತ ಮುಚ್ಚಿಯೇ ತೀರುತ್ತೇನೆ ಎನ್ನುವುದಾದರೆ ನಿಶ್ಮಿತಾಳನ್ನು ಎದುರಿಗೆ ಕೂರಿಸಿಕೊಂಡು, ‘ಈ ನಾಲ್ಕು ವರ್ಷ ನೀನು ದುಡಿದಿಲ್ಲ’ ಎಂದು ನಿಮ್ಮ ಕೈಯಾರೆ ಬರೆದು, ಮೊಹರು ಒತ್ತಿ ಕೊಡಿ. ಅದನ್ನು ಎಲ್ಲಿಗೆ ಒಯ್ಯಬೇಕೆಂದು ನಮಗೆ ಗೊತ್ತು.

ಮುಂದಿನ ವಿಚಾರಣೆ ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ. ನಾವು ಹನ್ನೊಂದಕ್ಕೇ ನಿಮ್ಮ ಮೆಟ್ಟಿಲ ಮೇಲೆ ಇರುತ್ತೇವೆ.

ಇಂತಿ,
ಘೋಷಣೆ ಕೂಗಲು ದಮ್ಮು ಸಾಲದೆ ಕಾಗದ ಬರೆಯಲು ಕುಳಿತ,
ಕಮಲಾಕ್ಷ
ಹೋಟೆಲ್ ಕಾರ್ಮಿಕರ ಸಂಘದ ಹಳೆಯ ಆಳು, ಡೊಂಬಿವಲಿ