‘ತಾನಾಗಿ’ ಎಂಬ ಚೌಕ

ನವೆಂಬರ್ ೧೦, ಭಾನುವಾರ

ಪ್ರೀತಿಯ ನಾಡೀನ್,

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುತ್ತಿದ್ದೇನೆ. ನಡೆದು ಬಂದೇ ಹೇಳಬಹುದಿತ್ತು. ನಿನ್ನೆ ಬಂದಿದ್ದೆ ಕೂಡ. ಅಡುಗೆಮನೆಯ ಕಿಟಕಿಯಲ್ಲಿ ನೀನು ಕಾವಲಿಯ ಮೇಲೆ ಪ್ಲಾಯ್ ದೋಸೆ ಹುಯ್ಯುವುದು ಕಂಡಿತು. ನಿನ್ನ ಕೋರಾಲಿ ಮೇಜಿನ ಮುಂದೆ ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ನಿನ್ನ ಮೆಟ್ಟಿಲ ಹಿಮವನ್ನು ಬೂಟಿನಿಂದ ಕೆರೆದು ಹಿಂದಿರುಗಿದೆ. ನಿನ್ನ ಮುಖ ನೋಡಿದರೆ ಹೇಳಬೇಕಾದ್ದು ಬಿಟ್ಟು ಬೇರೇನೋ ಮಾತಾಡಿಬಿಡುತ್ತೇನೆ.

ಗುರುವಾರ ಶಾಲೆಯಲ್ಲಿ ಕೋರಾಲಿಯ ವಿಷಯವಾಗಿ ಸಭೆಯಿದೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಬೇಕು: ಕಳೆದ ವರ್ಷ ಅವಳ ಬಗ್ಗೆ ನಾನು ತುಂಬಿದ ಹಾಳೆಗಳಲ್ಲಿ ತಪ್ಪಾಗಿದೆ.

ನನ್ನಂಥ ತರಗತಿ ಸಹಾಯಕಿಯರು ದಿನವೂ ಒಂದು ಹಾಳೆ ತುಂಬಬೇಕು. ಮಗು ಕೆಲಸವನ್ನು ನಮ್ಮ ಆಸರೆಯಿಂದ ಮಾಡಿದರೆ ‘ಕೈಹಿಡಿದು’ ಎಂಬ ಚೌಕದಲ್ಲಿ ಗುರುತು, ಆಸರೆಯಿಲ್ಲದೆ ಮಾಡಿದರೆ ‘ತಾನಾಗಿ’ ಎಂಬ ಚೌಕದಲ್ಲಿ. ಕೋರಾಲಿಯ ಕೆಲಸ ತನ್ನ ಹೆಸರು ಬರೆಯುವುದಾಗಿತ್ತು.

ರೆಜಿ ಹೋಗಿ, ನಾನು ವಿಧವೆಯಾಗಿ ಏಳು ತಿಂಗಳಾಗಿತ್ತು. ಆ ದಿನಗಳಲ್ಲಿ ನಾನು ಹಾಸಿಗೆಯಿಂದ ಏಳದಿದ್ದಾಗ ನಿನ್ನ ಅಂಗಡಿಗೆ ಬೀಗ ಹಾಕಿ ಬರುತ್ತಿದ್ದವಳು ನೀನು. ಅಡುಗೆಮನೆಯ ತೊಟ್ಟಿಯಲ್ಲೇ ನನ್ನ ತಲೆ ತೊಳೆದು, ಮಾತಾಡದೆ ಬಾಚಿ ಹೋಗುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ನಿನ್ನ ಮಗಳ ಕೈಮೇಲೆ ನನ್ನ ಕೈಯಿಟ್ಟು ಪೆನ್ಸಿಲ್ ಓಡಿಸುತ್ತಿದ್ದೆ. ಅವಳ ಬೆರಳು ಮೆತ್ತಗೇ ಇದ್ದವು, ನಾನೇ ಸ್ವಲ್ಪ ಹೆಚ್ಚು ಒತ್ತಿದೆ. ಹೆಸರು ಪೂರ್ತಿ ಮೂಡಿತು. ಕರೆದುಕೊಂಡು ಹೋಗಲು ಬಂದ ನೀನು ಹಾಳೆ ಎತ್ತಿ ನೋಡಿ, ಇವಳೇ ಬರೆದಳಾ ಎಂದು ಕೇಳಿದೆ. ಹೌದು ಎಂದುಬಿಟ್ಟೆ. ನೀನು ಆ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು ನಗುತ್ತಲೇ ಅತ್ತೆ.

ನೀವಿಬ್ಬರೂ ಹೋದಮೇಲೆ ‘ತಾನಾಗಿ’ ಚೌಕದಲ್ಲಿ ಗುರುತು ಹಾಕಿದೆ. ಬಾಯಿ ಮೊದಲು ಹೇಳಿತ್ತು, ಹಾಳೆ ಅದಕ್ಕೆ ಹೊಂದಬೇಕಿತ್ತು. ಮರುದಿನ ‘ಕೈಹಿಡಿದು’ ಎಂದರೆ ಹುಡುಗಿ ಹಿಂದೆ ಬಿದ್ದಳು ಅನ್ನುತ್ತಾರೆ. ಆದ್ದರಿಂದ ಮರುದಿನವೂ ಅದನ್ನೇ ಹಾಕಿದೆ.

ಮೇಲೆ ‘ತಪ್ಪಾಗಿದೆ’ ಎಂದು ಬರೆದಿದ್ದೇನೆ, ನೋಡು. ಅದನ್ನು ಹೊಡೆದುಹಾಕುವುದಿಲ್ಲ, ಇದ್ದಹಾಗೇ ಇರಲಿ. ಅದು ತಪ್ಪಲ್ಲ ನಾಡೀನ್, ಸುಳ್ಳು.

ನಿನಗಾಗಿಯೇ ಮಾಡಿದೆ ಎಂದು ಇಲ್ಲಿಗೇ ನಿಲ್ಲಿಸಿದರೆ ನನಗೆ ಹಗುರವಾಗುತ್ತದೆ. ಆದರೆ ಇನ್ನೂ ಇದೆ. ಕೆಲಸ ಉಳಿಯಬೇಕಾದರೆ ಎರಡು ವರ್ಷದೊಳಗೆ ಸಮುದಾಯ ಕಾಲೇಜಿನ ಪಾಠಗಳನ್ನು ಮುಗಿಸಿ ಎಂದು ಶಾಲೆಯವರು ನಮಗೆಲ್ಲ ಹೇಳಿದ್ದರಲ್ಲ. ಮೊದಲನೆಯದು ಶಿಕ್ಷಣದ ಪಾಠ, ಸೋಮವಾರ ಸಂಜೆ ನಾಲ್ಕಕ್ಕೆ. ಐವತ್ತಮೂರನೆಯ ವಯಸ್ಸಿನಲ್ಲಿ, ಹತ್ತೊಂಬತ್ತರ ಹುಡುಗಿಯರ ನಡುವೆ ಕೂತೆ. ಒಂದು ಮಗುವಿನ ಕಲಿಕೆಯ ಬಗ್ಗೆ ಬರೆದು ತನ್ನಿ ಎಂದರು. ಹೆಸರು ಬದಲಿಸಿ ಕೋರಾಲಿಯ ಬಗ್ಗೆ ಬರೆದೆ. ಪಾಠ ಮಾಡುವ ಆರ್ಡಿತ್ ಅದನ್ನು ಎಲ್ಲರ ಮುಂದೆ ಓದಿ, ಕೊನೆಯಲ್ಲಿ ‘ನೀವು ಹುಟ್ಟಿನಿಂದಲೇ ಶಿಕ್ಷಕಿ’ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಹೈಸ್ಕೂಲು ಮುಗಿಸಿ ನೇರ ಆಲೂಗಡ್ಡೆ ಗೋದಾಮಿಗೆ ಹೋದವಳು ನಾನು. ಅಂಥ ಮಾತು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ಆ ಕಾಗದವನ್ನು ರೆಜಿಯ ಸಮಾಧಿಗೆ ಒಯ್ದು ಓದಿ ಹೇಳಿದೆ. ಸತ್ತವನಿಗೂ ಸುಳ್ಳು ಹೇಳಿ ಬಂದೆ.

ಮೇ ತಿಂಗಳ ಸಭೆ ನಿನಗೆ ನೆನಪಿರುತ್ತದೆ. ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಇಷ್ಟೊಂದು ‘ತಾನಾಗಿ’ ಇರುವಾಗ ದಿನವಿಡೀ ಸಹಾಯಕಿ ಯಾಕೆ, ಒಂದು ಗಂಟೆ ಸಾಕು ಎಂದರು. ನೀನು ಸಂತೋಷದಿಂದ ಸಹಿ ಹಾಕಿ, ಎಲ್ಲರೆದುರು ನನ್ನನ್ನು ತಬ್ಬಿಕೊಂಡೆ. ನಿನ್ನ ಭುಜದ ಮೇಲಿಂದ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಆಗ ಹೇಳಬಹುದಿತ್ತು.

ಈ ಶರತ್ಕಾಲ ಅರ್ಥಶಾಸ್ತ್ರದ ಪಾಠ. ಕಲಿಸುವವನು ಹಗಲಲ್ಲಿ ಬಿತ್ತನೆ ಆಲೂಗಡ್ಡೆ ಮಾರುವ ಡ್ವೇನ್. ಕೊಯ್ಲಿನ ರಜೆ ಮುಗಿದ ವಾರ ಅವನೊಂದು ಪ್ರಶ್ನೆ ಕೇಳಿದ: ಹಿಂದೆ ಕೈಯಿಂದ ಗಡ್ಡೆ ಆರಿಸುವಾಗ ಪೀಪಾಯಿ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರಲ್ಲ, ಹಾಗೆ ಕೊಟ್ಟರೆ ಯಜಮಾನನಿಗೆ ಸಿಗುವುದೇನು?

ಹಿಂದಿನ ಬೆಂಚಿನಿಂದ ಗಿಲ್ಬರ್ಟ್ ಎಂಬವಳು ಅಂದಳು: “ಪೀಪಾಯಿ ಸಿಗುತ್ತೆ ಸಾರ್. ಆಲೂಗಡ್ಡೆ ಸಿಗುತ್ತೆ ಅಂತ ಯಾರು ಹೇಳಿದ್ರು? ನಮ್ಮಜ್ಜಿ ತಳಕ್ಕೆ ಬಳ್ಳಿ ತುರುಕಿ, ಮೇಲೆ ನಾಲ್ಕು ಗಡ್ಡೆ ಇಟ್ಟು ತನ್ನ ಲೆಕ್ಕದ ಚೀಟಿ ಅಂಟಿಸ್ತಿದ್ಳು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾವುದನ್ನು ಎಣಿಸುತ್ತೀವೋ ಜನ ಅದನ್ನೇ ತುಂಬಿಸಿ ತರುತ್ತಾರೆ, ಇವತ್ತಿನ ಪಾಠ ಇಷ್ಟೇ ಎಂದ ಡ್ವೇನ್. ನಾನು ಟಿಪ್ಪಣಿ ಬರೆದುಕೊಳ್ಳುವಂತೆ ತಲೆ ತಗ್ಗಿಸಿದೆ. ಒಂದಕ್ಷರವನ್ನೂ ಬರೆಯಲಾಗಲಿಲ್ಲ.

ಆಗಲೂ ನಿನ್ನ ಬಾಗಿಲಿಗೆ ಬರಲಿಲ್ಲ. ಎಂಟು ದಿನದ ಹಿಂದೆ, ಶನಿವಾರ, ಚರ್ಚಿನ ಊಟದಲ್ಲಿ ನೀನೇ ತಟ್ಟೆ ಹಿಡಿದು ಪಕ್ಕಕ್ಕೆ ಬಂದೆ. ಕೋರಾಲಿ ಖಾಲಿ ಹಾಳೆಯ ಮುಂದೆ ಸುಮ್ಮನೆ ಕೂರುತ್ತಾಳಂತೆ, ಹೊಸ ಟೀಚರು ಅವಳನ್ನು ಆಟಕ್ಕೆ ಬಿಡುವುದಿಲ್ಲವಂತೆ. ಹೆಸರು ಬರೆಯುವವರೆಗೂ ಬೆಕ್ಕಿನ ಮರಿ ಇಲ್ಲ ಎಂದು ನೀನೂ ಅದನ್ನು ನದಿಯಾಚೆ, ಕೆನಡಾದ ಬದಿಯ ತಂಗಿಯ ಮನೆಗೆ ಕಳಿಸಿದ್ದೀಯಂತೆ. ಆಮೇಲೆ ಅಂದೆ: “ಹಟ ಕಣೇ ಕ್ಲೋಡೆಟ್, ಬರೀ ಹಟ. ನಿನ್ ಹತ್ರ ಬರೀತಿದ್ಳಲ್ಲ. ಬರುತ್ತೆ ಅವಳಿಗೆ, ಮಾಡಲ್ಲ ಅಷ್ಟೆ.”

“ಹ್ಞೂಂ, ಹಟಾನೇ ಇರ್ಬೇಕು” ಅಂದೆ ನಾನು.

ಇಷ್ಟರಲ್ಲಿ ಎಲ್ಲಕ್ಕಿಂತ ನಾಚಿಕೆ ಪಡಬೇಕಾದ ಮಾತು ಅದು. ಮೇಜಿನ ತುದಿಯಲ್ಲಿ ಕೂತಿದ್ದ ಅವಳಿಗೂ ಕೇಳಿಸಿತು. ಮಾತು ಆಡಲು ಬಾರದಿದ್ದರೂ ಅವಳಿಗೆ ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಅದು ನನಗೆ ಗೊತ್ತು.

ಅವಳಿಗೆ ಹಟವಿಲ್ಲ. ಬರುವುದಿಲ್ಲ, ಅಷ್ಟೆ. ದಯವಿಟ್ಟು ಇವತ್ತೇ ಬೆಕ್ಕನ್ನು ತಂದುಕೊಡು.

ಶುಕ್ರವಾರ ಮುಖ್ಯೋಪಾಧ್ಯಾಯರ ಬಳಿ ಎಲ್ಲ ಹೇಳಿದ್ದೇನೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಗುರುವಾರದ ನಂತರ ನಾನು ಕೆಲಸದಲ್ಲಿ ಇರುತ್ತೇನೋ ಇಲ್ಲವೋ, ಅದು ನಿನ್ನ ಚಿಂತೆಯಲ್ಲ. ಸಭೆಯಲ್ಲಿ ದಿನವಿಡೀ ಸಹಾಯಕಿ ಬೇಕೆಂದು ಕೇಳು, ಬಿಡಬೇಡ. ಅವಳ ಕೈಯ ಮೇಲಲ್ಲ, ಕೈಯ ಕೆಳಗೆ ತಮ್ಮ ಕೈ ಇಡುವವರು ಬೇಕು ಎನ್ನು. ಹಾಗಿದ್ದರೆ ಬೇಡವೆನಿಸಿದಾಗ ಮಗು ಕೈ ಎತ್ತಿಕೊಳ್ಳಬಹುದು. ಇದನ್ನು ಆರ್ಡಿತ್ ಕಲಿಸಿದ್ದರು. ಪರೀಕ್ಷೆಯಲ್ಲಿ ನಾನು ಸರಿಯಾಗಿಯೇ ಬರೆದಿದ್ದೆ.

ಉತ್ತರ ಬರೆಯಬೇಕೆಂದೇನಿಲ್ಲ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗು, ನನಗೆ ಅರ್ಥವಾಗುತ್ತದೆ.

ನಿನ್ನ ನಂಬಿಕೆಯನ್ನು ಉಳಿಸಿಕೊಳ್ಳದ,
ಕ್ಲೋಡೆಟ್

ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಆ ಹಾಳೆಯಲ್ಲಿ ಮೂರನೆಯ ಚೌಕವೂ ಇದೆ, ‘ಒಲ್ಲೆ ಎಂದಳು’. ವರ್ಷದಲ್ಲಿ ಒಂದೇ ಸಲ, ಮೇ ಎಂಟರಂದು, ಅದರಲ್ಲಿ ಗುರುತು ಹಾಕಿದ್ದೇನೆ. ಅವತ್ತು ಕೋರಾಲಿ ನನ್ನ ಕೈಯನ್ನು ಮೊಣಕೈಯಿಂದ ತಳ್ಳಿ, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ತಾನೇ ಒಂದು ಗೆರೆ ಎಳೆದಳು. ಬಾಗಿದ ಗೆರೆ, ಕೊನೆಯಲ್ಲಿ ಕಾಗದ ಹರಿದಿದೆ. ಇದರ ಜೊತೆ ಇಟ್ಟಿದ್ದೇನೆ, ಬೆಳಕಿಗೆ ಹಿಡಿದು ನೋಡು. ಅದು ಅವಳ ಹೆಸರಿನ ಮೊದಲ ಅಕ್ಷರ, C. ಎಳೆದು ಮುಗಿಸಿ ನನ್ನ ಮುಖ ನೋಡಿದಳು. ನಾನು ಅದನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆ ಇಟ್ಟು, ಮತ್ತೆ ಅವಳ ಕೈ ಹಿಡಿದೆ.