ಬಾಯಿಗೆ ಹಾಕಿಕೊಂಡ ಚೂರು

ಮಾರ್ಚ್ ೧೨, ಬುಧವಾರ

ನಾನು ಅಡಿಗೆ ಮಾಡುವ ಸಾಂತಾಕ್ರೂಜ್ ಮನೆಯ ಹಿಲ್ಡಾ ಆಂಟಿಗೆ ನನ್ನ ಕೈರುಚಿ ಇವತ್ತೂ ಹಿಡಿಸಲಿಲ್ಲ. ಎಲುಬಿಲ್ಲದ ಹಂದಿಮಾಂಸವನ್ನು ಮೊನ್ನೆ ಹುಳಿಗೆ ಕೋಕಮ್ ಹಾಕಿ ಬೇಯಿಸಿದೆ, ನಿನ್ನೆ ಕಾಳುಮೆಣಸು ಹಚ್ಚಿ ಹುರಿದೆ. ಇವತ್ತು ನಮ್ಮ ವಿಜಯಪುರದ ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಪುಡಿ ಹಚ್ಚಿ ತವೆಯ ಮೇಲೆ ಬೇಯಿಸಿದೆ.

“ಎಂತ ಮಾರಾಯ್ತಿ ಇದು, ಚಪ್ಪೆ ಚಪ್ಪೆ! ನೀನು ರುಚಿಯೇ ನೋಡುವುದಿಲ್ಲ,” ಎಂದರು.

ನೋಡುವುದು ಹೇಗೆ? ಕೆಲಸಕ್ಕೆ ಸೇರಿದ ದಿನವೇ ಅತ್ತೆ ದೇವರ ಮುಂದೆ ಆಣೆ ಮಾಡಿಸಿದ್ದಾರೆ: “ಹಂದಿ ಮಾಡಿ ಹಾಕು, ಆದ್ರ ಬಾಯಾಗ ಇಡಬ್ಯಾಡ.” ಆರು ವರ್ಷದಿಂದ ವಾಸನೆ ನೋಡಿಯೇ ಉಪ್ಪು ಹಾಕುತ್ತಿದ್ದೇನೆ.

ಇವತ್ತು ಸಿಟ್ಟು ತಡೆಯದೆ, ತವೆಯಲ್ಲಿ ಉಳಿದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡೆ. ಎಷ್ಟು ಚೆನ್ನಾಗಿತ್ತು! ಉಪ್ಪು, ಖಾರ ಎರಡೂ ಸರಿಯಾಗಿದ್ದವು. ಇದನ್ನು ಆಂಟಿಗೆ ಹೇಳಿದರೆ ಆಣೆ ಮುರಿದದ್ದನ್ನೂ ಹೇಳಿದ ಹಾಗೆ. ಈಗ ರಾತ್ರಿ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಅತ್ತೆ ಪಕ್ಕದಲ್ಲೇ ಮಲಗಿದ್ದಾರೆ. ಮೂರು ಸಲ ಬಾಯಿ ತೊಳೆದೆ, ಆ ರುಚಿ ಮಾತ್ರ ಇನ್ನೂ ನಾಲಿಗೆಯ ಮೇಲೇ ಇದೆ.