ಕೊಂದವನ ಸಹಿ ಕೇಳಿದ ಕಿಟಕಿಗೆ

ಸಮರ್‌ಸೆಟ್, ನ್ಯೂಜೆರ್ಸಿ
18 ಮಾರ್ಚ್ 2000

ನಮ್ಮ ದೂತಾವಾಸದ ಸಾವು ನೋಂದಣಿ ಕಿಟಕಿಯ ಮಾನ್ಯರೇ,

ನಂದಾಳ ಹೆಣವನ್ನು ಅವಳ ತಾಯಿಯ ಊರಿಗೆ ಕಳಿಸಬೇಕಾದರೆ ನಂದಾಳನ್ನು ಕೊಂದವನ ಸಹಿ ಬೇಕು ಎಂದು ನೀವು ಹೇಳಿ ಇಂದಿಗೆ ಹನ್ನೊಂದು ದಿನ. ನನ್ನ ಕಿವಿಯೇ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಅದನ್ನೇ ಹೇಳಿದಿರಿ, ಸ್ವಲ್ಪ ಜೋರಾಗಿ.

ನಾನು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಮ್ಮ ಮನೆಯವರು ಸೀಕಾಕಸ್‌ನ ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ. ನಾನು ಇಲ್ಲಿನ ಕನ್ನಡದ ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತೇನೆ. ನಂದಾ ನಮ್ಮ ಮೇಲಿನ ಮನೆಯವಳು, ಇಳಕಲ್ ಕಡೆಯ ಹುಡುಗಿ, ವಯಸ್ಸು ಇಪ್ಪತ್ತೊಂಬತ್ತು. ಕಾನೂನು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಒಡೆದ ತಲೆ ಹೇಗಿರುತ್ತದೆ ಎಂಬುದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅದನ್ನು ಹೇಳುತ್ತೇನೆ, ಕೇಳಿ.

ಮಾರ್ಚ್ ಒಂದರ ಮಧ್ಯಾಹ್ನ ಅವಳ ಗಂಡ ಅವಳನ್ನು ರೊಟ್ಟಿ ಬೇಯಿಸುವ ಹಂಚಿನಿಂದ ಹೊಡೆದು ಕೊಂದ. ಆ ಕಬ್ಬಿಣದ ಹಂಚು ನನ್ನದು. ಊರಿನಿಂದ ಹೊತ್ತು ತಂದದ್ದು, ಅವಳೂ ಕಲಿಯಲಿ ಎಂದು ನಾನೇ ಕೊಟ್ಟದ್ದು. ಮೇಲಿನಿಂದ ದಪ್ ದಪ್ ಎಂದು ಸದ್ದು ಕೇಳಿದಾಗ, ಹುಡುಗಿ ರೊಟ್ಟಿ ಬಡಿಯುತ್ತಿದ್ದಾಳೆ, ಅಂತೂ ಕೈ ಕುದುರಿತು ಎಂದು ಕೆಳಗೆ ಕೂತು ಸಂತೋಷಪಟ್ಟ ಪಾಪಿ ನಾನು. ಆಮೇಲೆ ಒಂದು ಕೂಗು. ಮೆಟ್ಟಿಲು ಹತ್ತಿ ಓಡಿದೆ. ಎಡಗಣ್ಣು ಇರಬೇಕಾದಲ್ಲಿ ಕಣ್ಣಿರಲಿಲ್ಲ. ಕೂದಲು, ಹಿಟ್ಟು, ರಕ್ತ ಎಲ್ಲ ಒಂದೇ ಮುದ್ದೆಯಾಗಿ ನೆಲಕ್ಕೆ ಅಂಟಿತ್ತು. ಅವನು ಸಿಂಕಿನಲ್ಲಿ ಕೈ ತೊಳೆಯುತ್ತಾ, “ಆಂಟಿ, ಪೊಲೀಸ್‌ಗೆ ಕಾಲ್ ಮಾಡಿ. ಶಿ ಫೆಲ್,” ಎಂದ.

ಕೆಲಸದ ದಿನ ಅವನು ಮಧ್ಯಾಹ್ನವೇ ಮನೆಗೆ ಏಕೆ ಬಂದ? ಇದಕ್ಕೆ ಉತ್ತರ ನಿಮ್ಮ ಕಚೇರಿಯಲ್ಲೇ ಇದೆ. ಅವಳ ಪಾಸ್‌ಪೋರ್ಟನ್ನು ಅವನು ಬಚ್ಚಿಟ್ಟಿದ್ದ. ಫೆಬ್ರವರಿಯಲ್ಲಿ ನಾವಿಬ್ಬರೂ ಟ್ರೈನ್ ಹತ್ತಿ ನಿಮ್ಮ ಪಕ್ಕದ ಕಿಟಕಿಗೆ ಬಂದು ಹೊಸದನ್ನು ಕೇಳಿದೆವು. ನಾಚಿಕೆ ಬಿಟ್ಟು ತೋಳಿನ ಮೇಲಿನ ಸಿಗರೇಟಿನ ಸುಟ್ಟ ಗಾಯಗಳನ್ನು ಅವಳು ತೋರಿಸಿದಳು. “ವಿಚಾರಿಸಿ ತಿಳಿಸ್ತೀವಿ” ಎಂದರು. ತಿಳಿಸಿದರು ಸ್ವಾಮಿ, ಅವಳಿಗಲ್ಲ, ಅವನಿಗೆ! ಮಾರ್ಚ್ ಒಂದರ ಬೆಳಿಗ್ಗೆ ಹೋಬೋಕನ್‌ನ ಅವನ ಆಫೀಸಿಗೆ ಫೋನು ಮಾಡಿ, ನಿಮ್ಮ ಹೆಂಡತಿ ಹೊಸ ಪಾಸ್‌ಪೋರ್ಟ್ ಕೇಳಿದ್ದಾರೆ, ನಿಮ್ಮ ಒಪ್ಪಿಗೆ ಇದೆಯೇ ಎಂದು ವಿಚಾರಿಸಿದರು. ಇದನ್ನು ಪೊಲೀಸರಿಗೆ ಅವನೇ ಹೇಳಿದ್ದಾನೆ. ಅವನು ಫೋನಿಟ್ಟು ಮುಂದಿನ ಟ್ರೈನ್ ಹಿಡಿದ. ಅವನ ಒಪ್ಪಿಗೆ ಇತ್ತೋ ಇಲ್ಲವೋ ಎಂಬುದು ಈಗಲಾದರೂ ನಿಮ್ಮ ಕಡತಕ್ಕೆ ಬಂತೇ?

ಇಷ್ಟಾದ ಮೇಲೆ ನಿಮ್ಮ ಕಿಟಕಿಗೆ ಬಂದೆ. ಈ ಪತ್ರದ ನಕಲು ಹಂಚುತ್ತಿದ್ದೇನೆ, ಅಂದು ನಡೆದ ಮಾತನ್ನು ಊರವರೂ ಓದಲಿ.

“ನೋಡಿ ಅಮ್ಮಾ, ಗಂಡ ಇದ್ದಾಗ ಬೇರೆಯವರ ಸಹಿ ತಗೊಳ್ಳೋಕಾಗಲ್ಲ. ರೂಲ್ಸ್ ಇರೋದೇ ಹಾಗೆ.”

“ಗಂಡ ಜೇಲಿನ್ಯಾಗ ಅದಾನ್ರೀ ಸಾಹೇಬ್ರ. ಕೊಂದಾಂವನ ಅವ.”

“ಕನ್ವಿಕ್ಟ್ ಆಗೋವರೆಗೂ ಅವರು ಗಂಡಾನೇ ಅಲ್ವಾ? ಬಾಡಿ ಮೇಲೆ ಅವರದ್ದೇ ರೈಟ್ಸು. ಜೈಲಿಗೆ ಫಾರಂ ಫ್ಯಾಕ್ಸ್ ಮಾಡ್ತೀವಿ, ಬಿಡಿ.”

ಕೊಂದವನು ‘ಅವರು’, ಸತ್ತವಳು ‘ಬಾಡಿ’. ಆಗ ನನಗೇನಾಯಿತೋ ತಿಳಿಯದು. ಕಿಟಕಿಯ ಗಾಜು ಸೀಳು ಬಿಡುವವರೆಗೂ ಗುದ್ದಿದೆ. ನನ್ನ ಬಲಗೈಗೆ ಒಂಬತ್ತು ಹೊಲಿಗೆ ಬಿದ್ದಿವೆ. ಗಾಜಿನ ಆಚೆ ಇದ್ದದ್ದು ನಿಮ್ಮ ಮುಖ. ಅದು ಕೈಗೆ ಸಿಕ್ಕಿದ್ದರೆ ಗಾಜಿನ ತಂಟೆಗೆ ನಾನು ಹೋಗುತ್ತಿರಲಿಲ್ಲ. ದಿನಾ ಲಿಂಗಪೂಜೆ ಮಾಡುವವಳು ಸುಳ್ಳು ಬರೆಯಬಾರದು, ಅದಕ್ಕೇ ಇದನ್ನೂ ಬರೆದಿದ್ದೇನೆ.

ಜೈಲಿನಿಂದ ಉತ್ತರ ಬಂತು. ಊರಿಗೆ ಕಳಿಸುವುದು ಬೇಡ, ಇಲ್ಲೇ ಸುಟ್ಟುಬಿಡಿ ಎಂದಿದ್ದಾನೆ. ಸುಡಿ ಎನ್ನದೆ ಮತ್ತೇನು ಹೇಳುತ್ತಾನೆ? ಒಡೆದ ತಲೆಬುರುಡೆ ಅವನ ಮೇಲೆ ಸಾಕ್ಷಿ ಹೇಳುತ್ತದಲ್ಲ! ನೀವು ಫೋನಿನಲ್ಲಿ, “ಅವರು ಒಪ್ಪಿದ್ದಾರೆ, ಸಮಸ್ಯೆ ಬಗೆಹರೀತಲ್ಲಮ್ಮ” ಎಂದಿರಿ. ನಮ್ಮ ಲಿಂಗವಂತರಲ್ಲಿ ಸುಡುವುದಿಲ್ಲ. ಹೆಣವನ್ನು ಗುಣಿಯಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಮಣ್ಣು ಕೊಡುತ್ತೇವೆ. ನಂದಾಳ ಲಿಂಗ ಒಲೆಯ ಕೆಳಗೆ ಉರುಳಿಹೋಗಿತ್ತು. ಅದನ್ನು ಹುಡುಕಿ ತೆಗೆದವಳು ಮಾರ್ಗರೆಟ್ ಎಂಬ ಡಿಟೆಕ್ಟಿವ್. ರಕ್ತ ತೊಳೆದು ತಂದು ನನ್ನನ್ನು ಕೇಳಿದ್ದು ಒಂದೇ ಮಾತು: “ಯಾವ ಕೈ?” ಎಡಗೈ ತೋರಿಸಿದೆ. ಶವಾಗಾರದಲ್ಲಿ ಆಕೆಯೇ ಆ ಬೆರಳುಗಳನ್ನು ಬಿಡಿಸಿ, ಲಿಂಗವಿಟ್ಟು, ಮಡಿಸಿದಳು. ದನ ತಿನ್ನುವ ಹೆಂಗಸಿಗೆ ತೋಚಿದ ಪ್ರಶ್ನೆ ನಿಮಗೇಕೆ ತೋಚಲಿಲ್ಲ?

ಇನ್ನು ನನ್ನ ತಪ್ಪು. ಸಾವಿನ ಸುದ್ದಿಯನ್ನು ನಿಮಗೆ ಮೊದಲು ಫೋನಿನಲ್ಲಿ ಕೊಟ್ಟವಳು ನಾನೇ. “ಹತ್ತಿರದ ಸಂಬಂಧಿ ಯಾರಮ್ಮ?” ಎಂದಿರಿ. ತಾಯಿ ರುದ್ರಮ್ಮ ಎನ್ನಬೇಕಿತ್ತು. ಹೆಣ್ಣು ಯಾರ ಕಡೆಯವಳು ಎಂದು ಕೇಳಿದರೆ ಗಂಡನನ್ನು ಹೇಳಿಯೇ ರೂಢಿಯಾದ ಬಾಯಿ. ಅವನ ಹೆಸರು ಹೇಳಿತು. ಮೂವತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಗಂಡನ ಹೆಸರನ್ನು ಬರೆದು ತೋರಿಸಿದ್ದೇನೆಯೇ ಹೊರತು ಬಾಯಲ್ಲಿ ಆಡಿದವಳಲ್ಲ. ಅಂಥವಳು ಆ ಹಡಬೆ ನಾಯಿಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ನಿಮಗೆ ಬರೆಸಿದೆ. ನೀವು ಬರೆದುಕೊಂಡಿರಿ. ಆ ಸಾಲೇ ಈಗ ನಂದಾಳ ಕುತ್ತಿಗೆಯ ಮೇಲೆ ಕೂತಿದೆ.

ಹೆಣ ಐಸಿನ ಪೆಟ್ಟಿಗೆಯಲ್ಲಿದೆ. ಕೊಂದವನ ಮಾತು ಲೆಕ್ಕಕ್ಕಿಲ್ಲ, ತಾಯಿಯ ಕಾಗದ ಸಾಕು, ನಿಮ್ಮ ದೇಶದವರದೊಂದು ಮುದ್ರೆ ತನ್ನಿ ಎಂದು ಶವಾಗಾರದವರು ಹೇಳುತ್ತಾರೆ. ಈ ಶುಕ್ರವಾರ ದಾಟಿದರೆ ದಿಕ್ಕಿಲ್ಲದ ಹೆಣವೆಂದು ಅವರೇ ಎಲ್ಲೋ ಹೂಳುತ್ತಾರೆ. ಊರಿನಲ್ಲಿ ರುದ್ರಮ್ಮ ಹೊಲದಲ್ಲಿ ಗುಣಿ ತೋಡಿಸಿ ಹದಿನೈದು ದಿನವಾಯಿತು. ನಾಯಿ ಇಳಿಯದಂತೆ ಅದರ ದಂಡೆಯ ಮೇಲೆ ಕೂತಿದ್ದಾಳೆ. ಕರೆದರೂ ಮನೆಗೆ ಬರುತ್ತಿಲ್ಲವಂತೆ.

ಆದ್ದರಿಂದ ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ನಾನು ಬರೆಸಿದ ಹೆಸರನ್ನು ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದರ ಮೇಲೆ ಗೆರೆ ಎಳೆಯಿರಿ. ರುದ್ರಮ್ಮ ಎಂದು ಬರೆಯಿರಿ. ತಹಸೀಲ್ದಾರರ ಮೊಹರಿನ ಕೆಳಗೆ ಆಕೆಯ ಹೆಬ್ಬೆಟ್ಟು ಒತ್ತಿದ ಕಾಗದ ನನ್ನ ಕೈಯಲ್ಲಿದೆ. ಸೋಮವಾರ ಬಾಗಿಲು ತೆರೆಯುವ ಹೊತ್ತಿಗೆ ತರುತ್ತೇನೆ. ಈ ಪತ್ರದ ನಕಲು ಹಿಡಿದ ಹೆಂಗಸರು ಒಂದು ಟ್ರೈನ್ ಡಬ್ಬಿ ತುಂಬುವಷ್ಟು ಜೊತೆಗಿರುತ್ತಾರೆ. ಕಿಟಕಿಗೆ ಹೊಸ ಗಾಜು ಹಾಕಿಸಿದ್ದೀರಂತೆ. ದಪ್ಪದ್ದೇ ಹಾಕಿಸಿದ್ದೀರಿ ತಾನೇ? ನನ್ನ ಎಡಗೈ ಇನ್ನೂ ಗಟ್ಟಿಯಾಗಿದೆ.

ಇಂತಿ,
ಹಂಚು ಕೊಟ್ಟವಳು, ಹೆಸರು ಬರೆಸಿದವಳು,
ಕೆಳಗಿನ ಮನೆಯ ಶಿವಗಂಗಮ್ಮ
(ಹೊಲಿಗೆ ಬಿಚ್ಚಿಲ್ಲ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ)